ಯೇಮೂಲ್ ಬಾಯಿಯ ಗಂಟು

ನಮ್ಮ ಆಸ್ಪತ್ರೆಯಲ್ಲಿ ಒಂದು ಗಂಟಿಗೆ ನನ್ನ ಹೆಸರಿತ್ತು. ಯೇಮೂಲ್ ಬಾಯಿಯ ಗಂಟು. ಹೊಸದಾಗಿ ಸೇರಿದವರಿಗೆ ಕಸದ ಚೀಲ ಕಟ್ಟುವುದನ್ನು ತೋರಿಸುವಾಗ ಸಿಸ್ಟರುಗಳು, "ಇದು ಜಾರೂದಿಲ್ಲ, ಸೋರೂದಿಲ್ಲ, ಬಿಚ್ಚೂದಂತೂ ಇಲ್ಲವೇ ಇಲ್ಲ" ಎಂದು ಹೇಳಿಕೊಡುತ್ತಿದ್ದರು. ಪಕ್ಕದಲ್ಲಿ ನಿಂತಿದ್ದರೆ ನಾನು ಕೇಳಿಸದವಳಂತೆ ಇರುತ್ತಿದ್ದೆ. ಸುಳ್ಳೇಕೆ ಹೇಳಲಿ, ಒಳಗೊಳಗೇ ಹಿಗ್ಗುತ್ತಿದ್ದೆ.

ಸೋಲಾಪುರದ ಪದ್ಮಸಾಲಿ ಮನೆತನದವಳು ನಾನು, ಅನಸೂಯಾ ಯೇಮೂಲ್. ನಮ್ಮ ಕಡೆ ಬಾಯಿ ಅಂದರೆ ಅಮ್ಮಾವ್ರು ಅಂದಂತೆ. ಅಪ್ಪ ಮೂವತ್ತು ವರ್ಷ ಚಾದರದ ಮಗ್ಗದ ಮುಂದೆ ನಿಂತವನು. ಹರಿದ ನೂಲಿನ ಎರಡು ತುದಿಗಳನ್ನು ಬೆರಳ ನಡುವೆ ಹಿಡಿದು ರೆಪ್ಪೆ ಬಡಿಯುವಷ್ಟರಲ್ಲಿ ಬಿಗಿಯುವ ನೇಕಾರರ ಗಂಟನ್ನು ನಾನು ಅಕ್ಷರಕ್ಕಿಂತ ಮೊದಲು ಕಲಿತೆ. ಅಕ್ಷರ ಕಲಿತ ಮೇಲೆ ಮಗ್ಗದ ಕಡೆ ತಲೆ ಹಾಕಲಿಲ್ಲ. ಟ್ರಸ್ಟಿನ ಎದೆರೋಗದ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಟೆಕ್ನಿಷಿಯನ್ ಆಗಿ ಇಪ್ಪತ್ತೆರಡು ವರ್ಷವಾಯಿತು. ನಾಲ್ಕು ಜಿಲ್ಲೆಯ ಟಿಬಿ ರೋಗಿಗಳ ಕಫ ನಮ್ಮಲ್ಲಿಗೆ ಬರುತ್ತದೆ. ಅದರೊಳಗಿನ ಕ್ರಿಮಿಯನ್ನು ಪ್ಲಾಸ್ಟಿಕ್ ಟ್ಯೂಬುಗಳಲ್ಲಿ ಬೆಳೆಸಿ, ಯಾವ ಔಷಧಕ್ಕೆ ಸಾಯುತ್ತದೆ, ಯಾವುದಕ್ಕೆ ಜಗ್ಗುವುದಿಲ್ಲ ಎಂದು ನೋಡಿ ಹೇಳುವುದು ನನ್ನ ಕೆಲಸ.

ನೋಡಿ ಮುಗಿದ ಟ್ಯೂಬುಗಳಲ್ಲಿ ಕೋಟಿಗಟ್ಟಲೆ ಕ್ರಿಮಿಗಳು ಬದುಕೇ ಇರುತ್ತವೆ. ಅವನ್ನು ದಪ್ಪ ಚೀಲಕ್ಕೆ ತುಂಬಿ, ಎರಡು ಮಹಡಿ ಇಳಿಸಿ, ಹಿಂದಿನ ಖೋಲಿಯಲ್ಲಿರುವ ಆಟೋಕ್ಲೇವಿನಲ್ಲಿ ಹಬೆಗೆ ಬೇಯಿಸಬೇಕು. ನಾವೆಲ್ಲ ಅದನ್ನು ಕುಕ್ಕರ್ ಅನ್ನುತ್ತೇವೆ. ಬೆಂದ ಚೀಲ ಹಿತ್ತಲಿನ ಶೆಡ್ಡಿಗೆ ಹೋಗುತ್ತದೆ. ಅಲ್ಲಿ ಅದನ್ನು ಕುಡುಗೋಲಿನಿಂದ ಸೀಳಿ, ನೀರು ಬಸಿದು, ಟ್ಯೂಬುಗಳನ್ನು ಚೂರು ಮಾಡುವ ಯಂತ್ರಕ್ಕೆ ಹಾಕಿದರೆ ಲಾರಿಯವರು ಚೂರನ್ನು ಒಯ್ಯುತ್ತಾರೆ. ಈ ಇಳಿಸುವ, ಬೇಯಿಸುವ, ಸೀಳುವ ಕೆಲಸವೆಲ್ಲ ದ್ರುಪದಾ ಮಾವಶಿಯದು.

ಮಾವಶಿ ಅಂದರೆ ಚಿಕ್ಕಮ್ಮ. ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ಕಸ ಗುಡಿಸುವ, ಹೊರುವ ಹೆಂಗಸರೆಲ್ಲರೂ ಎಲ್ಲರಿಗೂ ಮಾವಶಿಯೇ. ಹಾಗೆ ಕರೆದುಬಿಟ್ಟರೆ ಆಮೇಲೆ ಅವರಿಗೆ ಬೇರೇನೂ ಕೊಡಬೇಕಾಗಿಲ್ಲ ಎಂದು ಎಲ್ಲರೂ ತಿಳಿದಿದ್ದೇವೆ. ದ್ರುಪದಾ ನನಗಿಂತ ಮೂರು ವರ್ಷ ಚಿಕ್ಕವಳು, ವಿಧವೆ. ಗಿಡ್ಡ ಆಳು, ದೊಡ್ಡ ಗಂಟಲು. ಬೆಳಿಗ್ಗೆ ಹಲ್ಲಿಗೆ ಮಿಶ್ರಿ, ಅಂದರೆ ಹುರಿದ ತಂಬಾಕಿನ ಪುಡಿ, ತಿಕ್ಕುತ್ತಲೇ ಕೆಲಸಕ್ಕೆ ಬರುವಳು, ಹೀಗಾಗಿ ಮಾಸ್ಕು ಯಾವಾಗಲೂ ಗದ್ದದ ಕೆಳಗೆ. ಕುಕ್ಕರಿಗೆ ಅವಳು ಅತ್ತೆ ಎಂದು ಹೆಸರಿಟ್ಟಿದ್ದಳು. "ಮುಂಜಾನಿಂದ ಬುಸುಗುಡ್ತದ, ಎಷ್ಟ ಉಣಿಸಿದರೂ ಸಾಲೂದಿಲ್ಲ" ಅನ್ನುತ್ತಿದ್ದಳು. ಮನೆಯಲ್ಲಿ ಟೆಂಪೋ ಓಡಿಸುವ ಮಗ ದತ್ತಾ, ಸೊಸೆ ಕೋಮಲ್, ಎರಡು ವರ್ಷದ ಮೊಮ್ಮಗಳು ಓವಿ. ಓವಿಯ ಸುದ್ದಿ ಎತ್ತಿದರೆ ಮಾವಶಿಯ ಬೈಗುಳವೆಲ್ಲ ನಿಂತುಹೋಗುತ್ತಿತ್ತು.

ಗಂಟು ಶುರುವಾದದ್ದು ಮೂರು ವರ್ಷದ ಹಿಂದೆ. ಚೀಲದ ಬಾಯಿ ಸಡಿಲ ಇಟ್ಟು ಇಳಿಸುವುದು ನಿಯಮ. ಒಂದು ದಿನ ಮೆಟ್ಟಿಲ ಮೇಲೆ ಒಂದು ಟ್ಯೂಬಿನ ಮುಚ್ಚಳ ಹಾರಿ ಒಳಗಿನ ದ್ರವ ದ್ರುಪದಾಳ ಪಾದದ ಮೇಲೆ ಸೋರಿತು. ಮೆಟ್ರನ್ ಅವಳನ್ನೇ ಬೈದಳು. ಮಾವಶಿ ಒಂದು ವಾರ ಆ ಕಾಲನ್ನು ತನ್ನದಲ್ಲದ ಸಾಮಾನಿನಂತೆ ನೋಡಿಕೊಂಡು ಓಡಾಡಿದಳು. ಅದನ್ನು ನೋಡಲಾರದೆ ನಾನು ಅಣ್ಣನ ಕಾರಖಾನೆಯಿಂದ ಚಾದರದ ದಪ್ಪ ನೂಲು ತಂದೆ. ಚೀಲದ ಬಾಯನ್ನು ಹಿಂಡಿ, ನೂಲು ಸುತ್ತಿ, ಅಪ್ಪನ ಗಂಟು ಹಾಕಿದೆ. ಚೀಲವನ್ನು ತಲೆಕೆಳಗು ಹಿಡಿದರೂ ಒಂದು ಹನಿ ಬೀಳಲಿಲ್ಲ.

ಕುಕ್ಕರಿನೊಳಗೆ ಚೀಲದ ಬಾಯಿ ಬಿಚ್ಚಿರಬೇಕು, ಇಲ್ಲದಿದ್ದರೆ ಹಬೆ ಒಳಗೆ ಹೋಗುವುದಿಲ್ಲ. ಇದು ನನಗೆ ಗೊತ್ತಿರಲಿಲ್ಲ ಎಂದು ಹೇಳಿದರೆ ನನ್ನ ನಾಲಿಗೆ ಬಿದ್ದುಹೋಗಲಿ. ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದುಕೊಂಡವಳು ನಾನು. "ಮೆಟ್ಟಿಲ ಇಳಿಯೂ ತನಕ ಮಾತ್ರ ಕಟ್ಟೋದು. ಕುಕ್ಕರಿಗೆ ಇಡುವಾಗ ಬಿಚ್ಚಬೇಕು" ಎಂದು ದ್ರುಪದಾಗೆ ಹೇಳಿದ್ದೆ. ಅವಳು ಎರಡು ದಿನ ಬಿಚ್ಚಲು ನೋಡಿದಳು. ಮೂರನೆಯ ದಿನ ಹತ್ತೂ ಬೆರಳು ನನ್ನ ಮುಖದ ಮುಂದೆ ಹಿಡಿದಳು.

"ಬಾಯಿ, ಇದು ನಿಮ್ಮಪ್ಪ ಹಾಕಿದ ಗಂಟೋ ಯಮ ಹಾಕಿದ್ದೋ? ಉಗುರೆಲ್ಲ ಹೋದವು. ಕುಡುಗೋಲು ಆಡಿಸಿದರ ಚೀಲಾನ ಹರಿತದ."

ನಾನು ಆಗ ಬೇರೆ ಏನೋ ಬರೆಯುತ್ತಿದ್ದೆ. ತಲೆ ಎತ್ತದೆ, "ಇರ್ಲಿ ಬಿಡ್ರಿ ಮಾವಶಿ, ಹಂಗ ಇಡ್ರಿ. ಟೇಪ್ ಕರ್ರಗಾದರ ಆತು" ಅಂದೆ.

ಆ ಒಂದು ಮಾತು. ಚೀಲದ ಹೊರಮೈಗೆ ಅಂಟಿಸುವ ಟೇಪಿನ ಮೇಲೆ ಬಿಳಿ ಗೆರೆಗಳಿರುತ್ತವೆ, ಕಾವು ತಾಗಿದರೆ ಕಪ್ಪಾಗುತ್ತವೆ. ಅವು ದಿನವೂ ಕಪ್ಪಾದವು. ದಿನವೂ ಅದನ್ನು ಕಿತ್ತು, ತಾರೀಖು ಹಾಕಿ ವಹಿಯಲ್ಲಿ ಅಂಟಿಸಿದೆ. ವಾರಕ್ಕೊಮ್ಮೆ ಜೀವಂತ ಬೀಜಾಣು ಇರುವ ಸಣ್ಣ ಶೀಷೆಯನ್ನು ಚೀಲದ ನಡುವೆ ಹುದುಗಿಸಿ ಬೇಯಿಸಿ, ಸತ್ತವೋ ಇಲ್ಲವೋ ನೋಡಬೇಕು. ಗಂಟು ಹಾಕಿದ ಚೀಲದೊಳಗೆ ಯಾರು ಹುದುಗಿಸುತ್ತಾರೆ? ಕುಕ್ಕರಿನ ಒಳಜಾಲರಿಗೆ ನೇತುಹಾಕಿದೆ. ಪ್ರತಿ ವಾರವೂ ಬೀಜಾಣು ಸತ್ತವು. ತಪಾಸಣೆಗೆ ಬಂದವರು ನನ್ನ ವಹಿಯ ಫೋಟೊ ತೆಗೆದುಕೊಂಡು, ಬೇರೆ ಆಸ್ಪತ್ರೆಗಳಿಗೆ ತೋರಿಸುತ್ತೇವೆ ಅಂದರು. ಮೆಟ್ಟಿಲ ಮೇಲೆ ಮತ್ತೆಂದೂ ಏನೂ ಸೋರಲಿಲ್ಲ.

ಕಳೆದ ದೀಪಾವಳಿಯ ಹೊತ್ತಿಗೆ ದ್ರುಪದಾ ಕೆಮ್ಮಲು ಶುರುಮಾಡಿದಳು. ಮಿಶ್ರಿಯ ಕೆಮ್ಮು ಎಂದು ಅವಳೂ ಅಂದಳು, ನಾವೂ ಅಂದೆವು. ಜನವರಿಯಲ್ಲಿ ಕುಪ್ಪಸ ಹೆಗಲಿನಿಂದ ಜಾರತೊಡಗಿದಾಗ ಆಸ್ಪತ್ರೆಯ ಮುಖ್ಯ ಡಾಕ್ಟರ್ ಇನಾಮದಾರರು ಕಫದ ಪರೀಕ್ಷೆ ಬರೆದರು. ಡಬ್ಬಿಯನ್ನು ಅವಳೇ ಎರಡು ಮಹಡಿ ಹತ್ತಿ ತಂದಳು.

"ತಗೋರಿ ಬಾಯಿ. ಇಷ್ಟ ವರ್ಷ ಮಂದಿ ಕಫಾ ಹೊತ್ತು ಇಳಿಸಿದೆ. ಇವತ್ತ ನಂದು ನಾನ ಹೊತ್ತು ಏರಿಸೀನಿ."

"ಬಾಯಿ ಮುಚ್ಚಿಕೊಂಡು ಕೆಮ್ಮರಿ."

"ನಾ ಬಾಯಿ ಮುಚ್ಚಿದರ ಸತ್ತಾಳಂತ ತಿಳಕೊಂಡು ಮಂದಿ ಹೂವಿನ ಹಾರ ತರ್ತಾರ" ಅಂದಳು. ನಗಲು ಹೋಗಿ ಕೆಮ್ಮು ಬಂದು, ಮೆಟ್ಟಿಲ ಮೇಲೆಯೇ ಕೂತುಬಿಟ್ಟಳು.

ಎರಡು ದಿನದಲ್ಲಿ ಮೊದಲ ವರದಿ ಬಂತು. ಟಿಬಿ. ಅದೂ ಮುಖ್ಯ ಔಷಧಕ್ಕೆ ಜಗ್ಗದ ಜಾತಿ. ಅವಳನ್ನು ಮೇಲಿನ ಮಹಡಿಯ ಬೇರೆ ವಾರ್ಡಿಗೆ ಹಾಕಿದರು. ಯಾವ ಯಾವ ಔಷಧ ತಾಗುತ್ತದೆ ಎಂಬ ಪೂರ್ತಿ ವರದಿಗೆ ಕ್ರಿಮಿಯನ್ನು ಬೆಳೆಸಿ ನೋಡಬೇಕು, ಅದಕ್ಕೆ ವಾರಗಟ್ಟಲೆ ಬೇಕು. ಆ ವಾರಗಳಲ್ಲಿ ಅವಳ ಮನೆ ಮುರಿಯಿತು.

ಮುರಿದದ್ದು ಹೀಗೆ. ಕೋಮಲ್‌ಳ ತಮ್ಮ ನವನಾಥನಿಗೆ ಎರಡು ವರ್ಷದ ಹಿಂದೆ ಟಿಬಿ ಆಗಿತ್ತು. ಬಸುರಿ ಕೋಮಲ್ ಬಾಣಂತನಕ್ಕೆ ಮೊಹೋಳದ ಹತ್ತಿರದ ತವರಿಗೆ ಹೋದಾಗ ಅವನು ಅದೇ ಮನೆಯಲ್ಲಿ ಗುಳಿಗೆ ನುಂಗುತ್ತಿದ್ದ. ಆರು ತಿಂಗಳಲ್ಲಿ ಗುಣವಾಗಿ ಹೊಲಕ್ಕೂ ಹೋದ. ಆದರೆ ದ್ರುಪದಾಗೆ ಇಷ್ಟು ಸಾಕಾಯಿತು. ನಾನು ವಾರ್ಡಿನ ಬಾಗಿಲಲ್ಲಿ ನಿಂತಾಗಲೆಲ್ಲ ಒಂದೇ ಮಾತು.

"ಅಕಿ ತವರಿಂದ ಬಂದ ರೋಗ ಬಾಯಿ ಇದು. ಕೂಸಿನ ಜೋಡಿ ಇದನ್ನೂ ಸೆರಗಿನ್ಯಾಗ ಕಟಗೊಂಡು ಬಂದಾಳ. ಮೊದಲ ಹೇಳಿದ್ದಳಾ? ಮುಚ್ಚಿಟ್ಟಳು. ತಮ್ಮಗ ಕೆಮ್ಮ ಅಂದಳು."

ದತ್ತಾ ಹೆಂಡತಿಯನ್ನೂ ಮಗುವನ್ನೂ ಟೆಂಪೋದಲ್ಲಿ ಕೂರಿಸಿ ತವರಿಗೆ ಬಿಟ್ಟುಬಂದ. ಹೋಗುವಾಗ ಓವಿ ಅಜ್ಜಿ ಬೇಕೆಂದು ಅತ್ತಳಂತೆ. ಅದನ್ನು ಹೇಳುವಾಗ ಮಾತ್ರ ದ್ರುಪದಾ ಗೋಡೆಯ ಕಡೆ ತಿರುಗಿದಳು. ನಾನು ಕೂಡ ಅವಳ ಮಾತನ್ನು ನಂಬಿದ್ದೆ. ನಮ್ಮ ಕೆಲಸದಲ್ಲಿ ಮೊದಲು ಕೇಳುವುದೇ ಮನೆಯಲ್ಲಿ ಯಾರಿಗಿತ್ತು ಎಂದು.

ಮಾರ್ಚ್ ನಾಲ್ಕು, ಮಂಗಳವಾರ, ಪೂರ್ತಿ ವರದಿ ನನ್ನ ಕೈಗೆ ಬಂತು.

ಐದು ಔಷಧಗಳಲ್ಲಿ ನಾಲ್ಕಕ್ಕೆ ಅವಳ ಕ್ರಿಮಿ ಜಗ್ಗಿರಲಿಲ್ಲ. ಸತ್ತದ್ದು ಎಲ್ಲಕ್ಕಿಂತ ಹಳೆಯ, ಎಲ್ಲಕ್ಕಿಂತ ಬಡ ಔಷಧಕ್ಕೆ. ಬೇರೆ ರೋಗಿಗಳಲ್ಲಿ ಎಲ್ಲಕ್ಕಿಂತ ಮೊದಲು ಸೋಲುವುದೇ ಆ ಔಷಧ. ಇಂಥ ತಿರುಗುಮುರುಗು ಕ್ರಿಮಿಯನ್ನು ಇಪ್ಪತ್ತೆರಡು ವರ್ಷದಲ್ಲಿ ಯಾವ ರೋಗಿಯಲ್ಲೂ ನಾನು ನೋಡಿರಲಿಲ್ಲ. ಒಂದೇ ಒಂದು ಸಲ ನೋಡಿದ್ದೆ, ಕಳೆದ ಜುಲೈನಲ್ಲಿ. ನಮ್ಮ ಕೆಲಸ ಸರಿ ಇದೆಯೋ ಇಲ್ಲವೋ ಎಂದು ನೋಡಲು ಮೇಲಿನ ಪ್ರಯೋಗಾಲಯದವರು ವರ್ಷಕ್ಕೊಮ್ಮೆ ಹತ್ತು ಟ್ಯೂಬು ಕಳಿಸುತ್ತಾರೆ. ಒಳಗೆ ಏನಿದೆ ಎಂದು ನಾವು ಹೇಳಬೇಕು. ಆ ಸಲದ ಏಳನೇ ಟ್ಯೂಬಿನಲ್ಲಿ ಇದ್ದದ್ದು ಇದೇ. ಎಲ್ಲಿಯೋ ದೂರದ ಊರಿನಲ್ಲಿ ಹಿಡಿದು ಕೂಡಿಟ್ಟ ಕ್ರಿಮಿ. ನಾವು ಸರಿ ಉತ್ತರ ಕಳಿಸಿ, ಪೇಢೆ ಹಂಚಿ, ಹತ್ತೂ ಟ್ಯೂಬುಗಳನ್ನೂ ಅವುಗಳಿಂದ ಬೆಳೆಸಿದವನ್ನೂ ಚೀಲಕ್ಕೆ ಹಾಕಿದ್ದೆವು. ಚೀಲ ಕಟ್ಟಿದವಳು ನಾನು. ಇಳಿಸಿದವಳು, ಬೇಯಿಸಿದವಳು, ಸೀಳಿ ಯಂತ್ರಕ್ಕೆ ಹಾಕಿದವಳು ದ್ರುಪದಾ.

ಯಾರೋ ಚಹಾ ಕೊಟ್ಟರು, ಕುಡಿದೆನೋ ಇಲ್ಲವೋ ನೆನಪಿಲ್ಲ.

ಮರುದಿನ ಒಂದು ಚೀಲವನ್ನು ಎಂದಿನಂತೆ ತುಂಬಿ, ನಟ್ಟನಡುವೆ ಬೀಜಾಣುವಿನ ಶೀಷೆ ಇಟ್ಟು, ಎಂದಿನಂತೆ ಬಿಗಿದೆ. ಪೂರ್ತಿ ಹೊತ್ತು ಬೇಯಿಸಿದೆ. ಹೊರಗೆ ತೆಗೆದಾಗ ಟೇಪಿನ ಗೆರೆಗಳು ಕಾಡಿಗೆಯಂತೆ ಕಪ್ಪಾಗಿದ್ದವು. ಚೀಲದ ಹೊರಮೈ ಕೈ ಸುಡುತ್ತಿತ್ತು. ಸೀಳಿದೆ. ನಡುವಿನ ಟ್ಯೂಬುಗಳನ್ನು ಕೈಯಲ್ಲಿ ಹಿಡಿದು ನಿಲ್ಲಬಹುದಾಗಿತ್ತು, ಮಗುವಿಗೆ ಕುಡಿಸುವ ಹಾಲಿನಷ್ಟು ಬೆಚ್ಚಗೆ. ಶೀಷೆಯನ್ನು ಕಾವಿನಲ್ಲಿಟ್ಟು ಒಂದು ದಿನ ಕಾದೆ. ನೇರಳೆ ಬಣ್ಣ ಹಾಗೇ ಇದ್ದರೆ ಸತ್ತಿವೆ ಎಂದರ್ಥ. ಮರುದಿನ ಮಧ್ಯಾಹ್ನ ಅದು ಅರಿಶಿನದ ನೀರಿನಂತೆ ಹಳದಿಯಾಗಿತ್ತು. ಒಂದೂ ಸತ್ತಿರಲಿಲ್ಲ.

ಶೀಷೆಯನ್ನು ಒಯ್ದು ಇನಾಮದಾರರ ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದೆ. ಅವರು ಕೆಟ್ಟ ಮನುಷ್ಯರಲ್ಲ. ನಮ್ಮ ಜೊತೆ ಕೂತು ಶೇಂಗಾ ಚಟ್ನಿ ಭಾಕರಿ ತಿನ್ನುವವರು. ಶೀಷೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇದನ್ನ ಎಷ್ಟು ಮಂದಿಗೆ ಹೇಳೀರಿ?"

"ನಿಮಗ ಮೊದಲು ಸರ್."

"ಹಂಗಾದ್ರ ನಾನ ಕೊನೆಯವನೂ ಆಗ್ಲಿ." ಶೀಷೆಯನ್ನು ಕೆಳಗಿಟ್ಟರು. "ಸಿಟ್ಟಾಗಬ್ಯಾಡ್ರಿ. ಇವತ್ತಿಂದ ಗಂಟು ಬಂದ್. ಎಲ್ಲರಿಗೂ ಹೊಸದಾಗಿ ಕಲಿಸ್ರಿ, ನಾ ನಿಮ್ಮ ಬೆನ್ನಿಗೆ ಅದೀನಿ. ಹಿಂದಿಂದು ಅಗೆಯೋದು ಬ್ಯಾಡ. ಈ ಲ್ಯಾಬ್ ಮುಚ್ಚಿದರ ನಾಲ್ಕು ಜಿಲ್ಲೆದ ಕಫ ಯಾರು ನೋಡ್ತಾರ?"

"ದ್ರುಪದಾ ಮಾವಶಿ ಸರ್."

"ಆಕಿಗೆ ಸರಿಯಾದ ಔಷಧ ಶುರು ಆಗೇದ, ನೀವ ವರದಿ ಕೊಟ್ಟೀರಿ. ಎಲ್ಲಿಂದ ಬಂತು ಅನ್ನೋದು ಗೊತ್ತಾದರ ಆಕಿ ಪುಪ್ಪುಸಕ್ಕೆ ಏನರೆ ಫಾಯ್ದೆ ಅದ ಏನು, ನೀವ ಹೇಳ್ರಿ."

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಿರಾಳ. ಬಾಗಿಲು ದಾಟುವಾಗ ಎದೆಯ ಮೇಲಿಂದ ಕಲ್ಲು ಇಳಿದಂತಾಯಿತು, ಆ ಕಲ್ಲು ಹೋಗಿ ಯಾರ ಎದೆಯ ಮೇಲೆ ಕೂತಿತು ಎಂದು ನಾನು ನೋಡಲಿಲ್ಲ. ಕೋಮಲ್‌ಳ ಹೆಸರನ್ನು ಅವರ ಮುಂದೆ ನಾನು ಎತ್ತಲೇ ಇಲ್ಲ. ಸೊಸೆಯಂದಿರು ತವರಿಗೆ ಹೋಗುತ್ತಾರೆ, ಬರುತ್ತಾರೆ, ನಾಲ್ಕು ದಿನ ಕಳೆದರೆ ಸರಿಹೋಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸಂಜೆ ನೂಲಿನ ಉಂಡೆಗಳನ್ನು ಒಲೆಗೆ ಹಾಕಿದೆ. ಅಷ್ಟು ಮಾಡಿದ್ದಕ್ಕೇ ಏನೋ ದೊಡ್ಡದು ಮಾಡಿದೆ ಅನ್ನಿಸಿತು. ನನ್ನಂಥವರ ಹಣೆಬರಹವೇ ಇಷ್ಟು, ಸಣ್ಣದೊಂದು ಸರಿಮಾಡಿ ದೊಡ್ಡದನ್ನು ಮರೆಯುವುದು.

ಆಮೇಲೆ ನಾಲ್ಕೈದು ಸಲ ದ್ರುಪದಾಳನ್ನು ನೋಡಲು ಹೋದೆ. ಅವಳಿಗೆ ಕಿತ್ತಳೆ ಒಯ್ಯುತ್ತಿದ್ದೆ. ಅವಳು ಸೊಸೆಯನ್ನು ಬೈಯುತ್ತಿದ್ದಳು, ನಾನು ಸುಲಿದು ಕೊಡುತ್ತಿದ್ದೆ. ಮೂರನೆಯ ವಾರ ಅವಳ ಮಗ ದತ್ತಾನೂ ಅಲ್ಲಿದ್ದ.

"ಬಾಯಿ, ನಿಮ್ಮಿಂದ ಒಂದು ಕೆಲಸ ಆಗಬೇಕು" ಅಂದಳು ದ್ರುಪದಾ. "ಬರೂ ಆಯ್ತವಾರ ಮೊಹೋಳದಾಗ ಎರಡೂ ಕಡಿ ಹಿರಿಯರು ಕೂಡ್ತಾರ. ಇವ ಹೆಂಡ್ತಿಗೆ ಬಿಡುಗಡಿ ಚೀಟಿ ಬರಸ್ತಾನ. ಅವರು ಒಪ್ಪವಲ್ರು. ನಮ್ಮ ಹುಡುಗನ ರೋಗ ಅಲ್ಲ ಅಂತಾರ. ನೀವು ಕಲತಾಕಿ. ದುರ್ಬೀನ ಕಾಚಿನ್ಯಾಗ ನನ್ನ ರೋಗ ಕಣ್ಣಿಲೆ ಕಂಡಾಕಿ. ನೀವು ಬಂದು ಒಂದು ಮಾತು ಹೇಳಿದರ ಮುಗೀತು."

"ಏನಂತ ಹೇಳಬೇಕು?"

"ಅದ ರೋಗ ಇದು ಅಂತ. ಅಕಿ ತಮ್ಮಂದ. ಇನ್ನೇನೈತಿ?"

"ನಾನ ಟೆಂಪೋ ತರ್ತೀನ್ರಿ ಬಾಯಿ, ಮುಂದ ಕುಂಡ್ರಸ್ತೀನಿ" ಅಂದ ದತ್ತಾ.

ಹೂಂ ಅಂದೆ. ಯಾಕೆ ಅಂದೆನೋ ಆಗ ಗೊತ್ತಿರಲಿಲ್ಲ.

ಮಾರ್ಚ್ ಇಪ್ಪತ್ತಮೂರು, ಭಾನುವಾರ. ಕೋಮಲ್‌ಳ ಅಪ್ಪನ ಅಂಗಳದಲ್ಲಿ ಜಮಖಾನ ಹಾಸಿದ್ದರು. ಹತ್ತು ಹನ್ನೆರಡು ಗಂಡಸರು, ಎಲ್ಲರ ಕೈಯಲ್ಲಿ ಚಹಾದ ಬಟ್ಟಲು. ನವನಾಥ ದನ ಕಟ್ಟುವ ಗೂಟದ ಹತ್ತಿರ ನಿಂತಿದ್ದ, ಗಟ್ಟಿಮುಟ್ಟು ಆಳು, ತಲೆ ಮಾತ್ರ ತಗ್ಗಿಸಿದ್ದ. ಹೆಂಗಸರು ಒಳಗೆ. ತಾತ್ಯಾ ಎಂದು ಎಲ್ಲರೂ ಕರೆಯುತ್ತಿದ್ದ ಮುದುಕ ನನ್ನ ಕಡೆ ತಿರುಗಿದ.

"ಬಾಯಿ, ನೀವು ಸರಕಾರಿ ಕಾಗದದಂಗ. ನೀವು ಅಂದದ್ದ ಖರೆ. ದ್ರುಪದಾಗ ಬಂದ ರೋಗ ಈ ಹುಡುಗಂದ ಹೌದೋ ಅಲ್ಲೋ?"

"ಅಲ್ಲ" ಅಂದೆ.

ದತ್ತಾ ನನ್ನ ಕಡೆ ನೋಡಿದ. "ಬಾಯಿ, ನಮ್ಮ ಗಾಡ್ಯಾಗ ಬಂದು..."

"ಗಾಡಿ ನಿಂದು, ಮಾತು ನಂದು" ಅಂದೆ. ಹಿರಿಯರ ಕಡೆ ತಿರುಗಿದೆ. "ನವನಾಥನ ರೋಗ ಸಾದಾ ಗುಳಗಿಗೆ ಆರು ತಿಂಗಳದಾಗ ಸತ್ತೈತಿ. ದ್ರುಪದಾಂದು ಆ ಗುಳಗಿಗೆ ಸಾಯೂದಿಲ್ಲ. ಜಾತಿನ ಬ್ಯಾರೆ. ಅದು ಬಂದದ್ದು ನಮ್ಮ ಲ್ಯಾಬಿಂದ. ನಾ ಕಟ್ಟಿದ ಚೀಲ ಬೇಯಲಿಲ್ಲ. ಅದನ್ನ ಅಕಿ ಸೀಳಿದಳು. ಈ ಮನಿಯವರದು ಒಂದು ಕೂದಲೆಳಿಯಷ್ಟೂ ತಪ್ಪಿಲ್ಲ."

ಒಳಗಿನ ಬಾಗಿಲಿನಿಂದ ಕೋಮಲ್ ಹೊರಗೆ ಬಂದಳು. ನನ್ನನ್ನು ನೋಡಲಿಲ್ಲ. ಗಂಡನ ಮುಂದೆ ಹೋಗಿ ನಿಂತು, "ಕೇಳಿದ್ಯಾ?" ಅಂದಳು. ಅಷ್ಟೇ. ದತ್ತಾ ಚೀಟಿಯ ಕಾಗದವನ್ನು ಜೇಬಿಗೆ ತುರುಕಿಕೊಂಡ.

ಇಲ್ಲಿಗೆ ಮುಗಿಯಿತು, ತಡವಾದರೂ ಒಂದು ಮನೆ ಉಳಿಯಿತು ಅಂದುಕೊಂಡೆ. ಅಷ್ಟರಲ್ಲಿ ಕೋಮಲ್‌ಳ ಅವ್ವ ಓವಿಯನ್ನು ಎತ್ತಿಕೊಂಡು ಬಂದು ನೇರ ನನ್ನ ತೊಡೆಯ ಮೇಲೆ ಮಲಗಿಸಿದಳು.

"ಹಂಗಾದರ ಇದನ್ನ ನೋಡ್ರಿ ಬಾಯಿ."

ಕಿವಿಯ ಕೆಳಗೆ ಕುತ್ತಿಗೆಯಲ್ಲಿ ನಿಂಬೆಕಾಯಿಯಷ್ಟು ಗಡ್ಡೆ. ಮೈ ಕೆಂಡದಂತೆ. ಕಣ್ಣು ಅರ್ಧ ತೆರೆದಿತ್ತು, ಮುಂದೆ ಕೈ ಆಡಿಸಿದರೆ ನೋಟ ಅದರ ಹಿಂದೆ ಬರುತ್ತಿರಲಿಲ್ಲ.

"ಎಷ್ಟ ದಿನಾತು?"

"ಗಡ್ಡಿ ಬಂದು ತಿಂಗಳ ಮ್ಯಾಲಾತು. ಮೊದಲ ಬಟಾಣಿಯಷ್ಟ ಇತ್ತು, ಆಡಿಕೊಂಡ ಇತ್ತು. ವಾಂತಿ, ಮಂಪರು ಶುರು ಆಗಿ ನಾಲ್ಕ ದಿನ."

"ತಿಂಗಳಿಂದ ಯಾಕ ತೋರಸಲಿಲ್ಲ? ನಿಮ್ಮ ಮನ್ಯಾಗ ಒಮ್ಮೆ ಈ ರೋಗ ನೋಡೀರಿ, ಗೊತ್ತಾಗಲಿಲ್ಲ?"

ಆ ಹೆಂಗಸು ನನ್ನನ್ನು ನೆಟ್ಟ ಕಣ್ಣಿನಿಂದ ನೋಡಿದಳು. "ಗೊತ್ತಾತು. ಅದಕ್ಕ ತೋರಸಲಿಲ್ಲ. ದವಾಖಾನ್ಯಾಗ ಹೌದು ಅಂದಿದ್ದರ, ನೋಡ್ರಿ, ಇವರ ಮನಿದ ರೋಗ, ಈಗ ಕೂಸಿಗೂ ಕೊಟ್ಟರು ಅಂತ ಆಗ್ತಿತ್ತು. ನನ್ನ ಮಗಳ ಬಾಳೇ ಮುಗೀತಿತ್ತು. ಈ ಹಿರಿಯರ ಪಂಚಾಯ್ತಿ ಒಂದು ಮುಗೀಲಿ, ಆಮ್ಯಾಲ ಒಯ್ಯೂಣು ಅಂದ್ವಿ."

ಬಿಡುಗಡೆ ಚೀಟಿ ಬರೆಸಲು ತಂದಿದ್ದ ಟೆಂಪೋದಲ್ಲೇ ಓವಿಯನ್ನು ಸೋಲಾಪುರಕ್ಕೆ ತಂದೆವು. ಕೋಮಲ್‌ಳ ತೊಡೆಯ ಮೇಲೆ ಮಗು, ಪಕ್ಕದಲ್ಲಿ ನಾನು. ದಾರಿಯುದ್ದಕ್ಕೂ ದತ್ತಾ ಹಾರ್ನಿನ ಮೇಲಿಂದ ಕೈ ತೆಗೆಯಲಿಲ್ಲ. ನಮ್ಮ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಬೆನ್ನಿನಿಂದ ನೀರು ತೆಗೆದು ನೋಡಿದರು. ಅಜ್ಜಿಯ ಕ್ರಿಮಿಗೆ ತಾಗುವ ಔಷಧಗಳನ್ನೇ ಮೊದಲ ತಾಸಿನಿಂದ ಶುರುಮಾಡಿದರು, ಯಾಕೆಂದರೆ ಯಾವ ಜಾತಿ ಎಂದು ನಾನು ಹೇಳಿದೆ. ರೋಗ ಮೆದುಳಿನ ಪೊರೆಗೆ ಏರಿತ್ತು. ಮಕ್ಕಳ ಡಾಕ್ಟರು ಕಾರಿಡಾರಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದರು.

"ಜೀವ ಉಳೀಬಹುದು. ಆದರ ಕಣ್ಣು ಹೋಗ್ಯಾವ, ಎಡಗೈ ಎಡಗಾಲು ಬರೂದು ಕಷ್ಟ. ಎರಡು ವಾರ ಮೊದಲು ತಂದಿದ್ದರ ಮಾತು ಬ್ಯಾರೆ ಇತ್ತು. ಆಗ ಬರೇ ಗಡ್ಡಿ ಇರ್ತಿತ್ತು. ಗುಳಗಿ ನುಂಗಿ ಆಡಿಕೊಂಡು ಮನಿಗೆ ಹೋಗ್ತಿತ್ತು."

ಸೋಮವಾರ ಬೆಳಿಗ್ಗೆ ಗಂಟಿನಿಂದ ಹಿಡಿದು ಎಲ್ಲವನ್ನೂ ಬರೆದು, ಸಹಿ ಹಾಕಿ, ಇನಾಮದಾರರ ಮೇಜಿನ ಮೇಲಿಟ್ಟೆ. ಇನ್ನೊಂದು ಪ್ರತಿಯನ್ನು ಜಿಲ್ಲಾ ಕಚೇರಿಗೆ ಅಂಚೆಗೆ ಹಾಕಿದೆ. ಇನಾಮದಾರರು ಎರಡು ಸಲ ಓದಿ, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನನ್ನ ಕೆಲಸ ಹೋಗುತ್ತದೆ, ಹೋಗಲಿ. ಮೂರು ವರ್ಷದ ಚೀಲಗಳ ಚೂರು ಎಲ್ಲೆಲ್ಲಿ ಹೋಗಿದೆ, ಇನ್ನು ಯಾರು ಯಾರು ಕೆಮ್ಮುತ್ತಿದ್ದಾರೆ ಎಂದು ಇವತ್ತಿಗೂ ಲೆಕ್ಕ ಹಾಕುತ್ತೇನೆ.

ದ್ರುಪದಾಗೆ ಹೇಳಲು ಮಗನಿಗೆ ಧೈರ್ಯ ಬರಲಿಲ್ಲ. ಮಂಗಳವಾರ ನಾನೇ ಹೋದೆ. ಅವಳು ಮಂಚದ ಮೇಲೆ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಔಷಧ ತಾಗತೊಡಗಿತ್ತು, ಮುಖದಲ್ಲಿ ಸ್ವಲ್ಪ ಕಳೆ ಬಂದಿತ್ತು.

"ಏನ್ರಿ ಬಾಯಿ, ಸಾಕ್ಷಿ ಹೇಳಾಕ ಹೋಗಿ ಊರ ದಾಟಿದ್ರೋ ಏನು? ಎರಡ ದಿನಾತು, ಒಬ್ಬರೂ ಬಂದು ಏನಾತಂತ ಹೇಳವಲ್ರು."

ಬಾಗಿಲಲ್ಲೇ ನಿಂತು ಹೇಳಿದೆ. ಗಂಟು, ಏಳನೇ ಟ್ಯೂಬು, ಹಳದಿಯಾದ ಶೀಷೆ, ಎಲ್ಲ. ಅವಳು ಬಾಚಣಿಗೆ ಹಿಡಿದುಕೊಂಡೇ ಕೇಳಿದಳು. ಓವಿಯ ಮಾತು ಬಂದಾಗ ಬಾಚಣಿಗೆಯನ್ನು ಮೆಲ್ಲಗೆ ದಿಂಬಿನ ಮೇಲಿಟ್ಟಳು. ಬೈಯುತ್ತಾಳೆ ಎಂದು ಕಾದೆ. ಮೆಟ್ರನ್‌ಳನ್ನು, ಡಾಕ್ಟರನ್ನು, ಕುಕ್ಕರನ್ನು ಬಿಡದೆ ಬೈದ ಬಾಯಿ ಅದು. ಬೈದುಬಿಡಲಿ ಎಂದು ಒಳಗೊಳಗೇ ಬೇಡಿಕೊಂಡೆ.

"ಕೂಸಿಗೆ ಏನೂ ಕಾಣವಲ್ದಾ?" ಅಂದಳು.

"ಇಲ್ಲ."

"ಕೋಮಲ್ ಬೈದ್ಲಾ ನನಗ?"

"ಒಂದು ಮಾತೂ ಆಡಿಲ್ಲ. ಕೂಸಿನ ಹತ್ತಿರ ಕುಂತಾಳ."

ಅವಳು ತನ್ನ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡುತ್ತ ಕೂತಳು. "ನಾನ ಹೊರಗ ಹಾಕಿದೆ ಅಕಿನ್ನ" ಅಂದಳು. ಆಮೇಲೆ ತಲೆ ಎತ್ತಿದಳು. ಹನ್ನೊಂದು ವರ್ಷ ನನ್ನನ್ನು ನೀವು ಎಂದು ಕರೆದವಳು.

"ನಿನಗ ಯಾವಾಗ ಗೊತ್ತಾತು?"

ಈ ಪ್ರಶ್ನೆಯೊಂದು ಬಾರದಿರಲಿ ಎಂದು ಮೆಟ್ಟಿಲು ಹತ್ತುವಾಗ ದೇವರಿಗೆ ಹರಕೆ ಹೊತ್ತಿದ್ದೆ.

"ಈ ತಿಂಗಳ ನಾಲ್ಕನೇ ತಾರೀಖು."

ದ್ರುಪದಾ ಹೆಬ್ಬೆರಳಿನಿಂದ ಬೆರಳ ಗೆಣ್ಣುಗಳನ್ನು ಮುಟ್ಟುತ್ತ ಎಣಿಸಿದಳು. ಒಂದು ಕೈ ಮುಗಿದು ಇನ್ನೊಂದು ಕೈಗೆ ಬಂದಳು. ಹತ್ತೊಂಬತ್ತಕ್ಕೆ ನಿಂತಳು.

"ಆ ದಿನಾನ ಹೇಳಿದ್ದರ ಅವರು ಕೂಸಿನ್ನ ತರ್ತಿದ್ದರು."

"ಹೌದು."

"ಅದಕ್ಕ ಕಣ್ಣು ಇರ್ತಿದ್ದವು."

"ಹೌದು ಮಾವಶಿ."

ಅವಳು ಗದ್ದದ ಕೆಳಗಿದ್ದ ಮಾಸ್ಕನ್ನು ಮೂಗಿನ ತನಕ ಎಳೆದುಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. "ಹೋಗು. ಕೋಮಲ್‌ಗೂ ತಾರೀಖು ಹೇಳಿ ಹೋಗು."

ಕೆಳಗೆ ಮಕ್ಕಳ ವಾರ್ಡಿನಲ್ಲಿ ಕೋಮಲ್ ಒದ್ದೆ ಬಟ್ಟೆಯಿಂದ ಓವಿಯ ತುಟಿ ಒರೆಸುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು, ಕೂರಲು ಸ್ಟೂಲು ನನ್ನ ಕಡೆ ಸರಿಸಿದಳು. "ಬರ್ರಿ ಬಾಯಿ. ನೀವೊಬ್ಬರು ಖರೆ ಹೇಳಿದ್ರಿ, ಇಲ್ಲಾಂದ್ರ ನಾ ಇವತ್ತ ಎಲ್ಲಿರ್ತಿದ್ನೋ" ಅಂದಳು. ಓವಿ ದನಿ ಬಂದ ಕಡೆಗೆ ಕುತ್ತಿಗೆ ತಿರುಗಿಸಿತು.

ನಾನು ಸ್ಟೂಲಿನ ಮೇಲೆ ಕೂರಲಿಲ್ಲ. ನಿಂತೇ ತಾರೀಖು ಹೇಳಿದೆ.